ಪದಚರ್ಚೆ: ಜೀನಸ್, ಟೈಪ್ ಸ್ಪೀಷೀಸ್, ಪ್ರೊಕರ್ಸಸ್ (ಫೋಲ್ಸಿಡೇ ಜೇಡಗಳು) – ತುರ್ತು

ಪ್ರಶ್ನೆ:
ಉಷ್ಣವಲಯದ ಫೋಲ್ಸಿಡೇ ಕುಟುಂಬದ ಜೇಡಗಳ ಹೊಸ ಜೀನಸ್ (ಹತ್ತಿರದ ಪ್ರಭೇದಗಳ ಗುಂಪು) ಒಂದರ ವಿವರಣೆ ಕನ್ನಡಕ್ಕೆ ಬರಬೇಕು; ಫಲಕ ನಾಳೆ ಬೆಳಿಗ್ಗೆ ಅಚ್ಚಿಗೆ. ಜೀನಸ್ ಎಂದರೆ ಕುಲವೋ ಜಾತಿಯೋ? ಟೈಪ್ ಸ್ಪೀಷೀಸ್‌ಗೆ 'ಮಾದರಿ ಪ್ರಭೇದ' ಸಾಕೆ? ಸಿಕ್ಕಿಕೊಂಡ ವಾಕ್ಯ: 'ಗಂಡಿನ ಪ್ರೊಕರ್ಸಸ್‌ನ ತುದಿ ಕೊಕ್ಕೆಯಂತೆ ಬಾಗಿದೆ, ಕೆಲಿಸೆರಾಗಳ ಮುಂಬದಿಯಲ್ಲಿ ಒಂದು ಜೊತೆ ಮೊನೆಗಳಿವೆ.' (ಪ್ರೊಕರ್ಸಸ್: ಗಂಡಿನ ಪಾಲ್ಪ್, ಅಂದರೆ ಬಾಯಿಯ ಪಕ್ಕದ ಕಿರುಗಾಲಿನಂಥ ಅಂಗದ ಒಂದು ಚಾಚು; ಕೆಲಿಸೆರಾ: ಬಾಯಿಯ ಮುಂದಿನ ದವಡೆಯಂಥ ಅಂಗ.)

ಉತ್ತರ 1:
ಕುಲ. ಜಾತಿ ಬೇಡವೇ ಬೇಡ. ಒಂದು ಪುಸ್ತಕದಲ್ಲಿ ಅದು ಜೀನಸ್, ಇನ್ನೊಂದರಲ್ಲಿ ಸ್ಪೀಷೀಸ್. 'ಮಾದರಿ'ಯೂ ಕೆಟ್ಟಿದೆ. ಸೀಸೆಯ ಆಲ್ಕೊಹಾಲ್‌ನಲ್ಲಿರುವ ಜೇಡವೂ ಮಾದರಿಯೇ, ಓದುಗನ ಮನಸ್ಸಿನಲ್ಲಿ 'ಆದರ್ಶ'ವೂ ಮಾದರಿಯೇ. ಟೈಪ್ ಸ್ಪೀಷೀಸ್ ಆದರ್ಶವಲ್ಲ, ಹೆಸರನ್ನು ಕಟ್ಟಿಹಾಕಿದ ಗೂಟ: ಮುಂದೆ ಕುಲ ಒಡೆದು ಎರಡಾದರೆ ಹೆಸರು ಆ ಪ್ರಭೇದದ ಹಿಂದೆಯೇ ಹೋಗುತ್ತದೆ. 1930ರ ನಂತರದ ಕುಲನಾಮಕ್ಕೆ ಮೂಲಲೇಖನದಲ್ಲೇ ಇದನ್ನು ಗೊತ್ತುಪಡಿಸದಿದ್ದರೆ ಆ ಹೆಸರು ಲೆಕ್ಕಕ್ಕೇ ಬರುವುದಿಲ್ಲ. 'ಆಧಾರ ಪ್ರಭೇದ' ಹಾಕಿ.

ಉತ್ತರ 2:
ಪ್ರಬೇದ ಯಾಕೆ, 'ಬಗೆ' ಇಲ್ಲವೇ? ಪ್ರೊಕರ್ಸಸ್ = ಮುಂಚಾಚು. ಕೆಲಿಸೆರಾ = ಕೋರೆ. ಇಡೀ ಕುಟುಂಬಕ್ಕೆ ನೆಲಮಾಳಿಗೆ ಜೇಡ. ಜೇಡ ಅಂದರೇ ನೆಯ್ಗೆಯವನು, ಜೇಡರ ದಾಸಿಮಯ್ಯನ ಹೆಸರಲ್ಲೇ ಇದೆ. ನೆಯ್ಯುವುದಕ್ಕೆ ನಮ್ಮದೇ ಸೊಲ್ಲಿರುವಾಗ ಲ್ಯಾಟಿನ್ ಕಾಲು ಹಿಡಿಯಬೇಕಿಲ್ಲ.

ಉತ್ತರ 3:
ದಾಸಿಮಯ್ಯನಿಗೂ ಪ್ರೊಕರ್ಸಸ್‌ಗೂ ಏನು ಸಂಬಂಧ?

ಮುಂಚಾಚು ಆಗದು. ಪ್ರೊಕರ್ಸಸ್ ಪಾಲ್ಪ್‌ನ ಕೊನೆಯ ಗೆಣ್ಣಿನಿಂದ, ಅಂದರೆ ಟಾರ್ಸಸ್‌ನಿಂದ ಹೊರಟದ್ದು. ಅದರ ಪಕ್ಕದ, ವೀರ್ಯ ತುಂಬಿಕೊಳ್ಳುವ ಬಲ್ಬ್‌ನಲ್ಲೂ ಚಾಚುಗಳುಂಟು, ವೀರ್ಯ ಸಾಗುವುದು ಬಲ್ಬ್‌ನ ಎಂಬೊಲಸ್ ಎಂಬ ಚಾಚಿನಿಂದ. ಕೆಲಿಸೆರಾದಲ್ಲೂ ಚಾಚುಗಳುಂಟು. ಕುಲದಿಂದ ಕುಲವನ್ನು ಬೇರ್ಪಡಿಸುವುದೇ ಇವುಗಳ ಆಕಾರ. ಎಲ್ಲಕ್ಕೂ 'ಚಾಚು' ಎಂದರೆ ಯಾವುದು ಬಾಗಿದೆ, ಯಾವುದು ಕವಲೊಡೆದಿದೆ ಎಂದು ಯಾರಿಗೆ ತಿಳಿಯಬೇಕು? ಕೋರೆಯೂ ತಪ್ಪು. ಕೋರೆ ಕೆಲಿಸೆರಾದ ತುದಿಯ ವಿಷದ ಮುಳ್ಳು ಮಾತ್ರ. ನಿಮ್ಮ ವಾಕ್ಯದ ಮೊನೆಗಳಿರುವುದು ಅದರ ಬುಡದ ದಪ್ಪ ಭಾಗದಲ್ಲಿ.

ನೆಲಮಾಳಿಗೆಯೂ ಬೇಡ. ಉಷ್ಣವಲಯದಲ್ಲಿ ಇವುಗಳಲ್ಲಿ ಎಷ್ಟೋ ಎಲೆಯ ಅಡಿಯಲ್ಲಿ, ತರಗೆಲೆಯಲ್ಲಿ ಬಾಳುವಂಥವು.

ಉತ್ತರ 2:
ಹಾಗಾದರೆ ನೀಳಗಾಲಿ.

ಉತ್ತರ 3:
ನಿನೆಟಿನೇ ಉಪಕುಟುಂಬದವು ಗಿಡ್ಡಗಾಲಿನವು. ಮುಂದಿನದು?

ಉತ್ತರ 1:
ಈ ಕುಟುಂಬಕ್ಕೆ ಹೆಸರು ಕೊಟ್ಟ ಕುಲನಾಮ ಫೋಲ್ಕಸ್ ಕೂಡ ಗ್ರೀಕಿನಿಂದ ಲ್ಯಾಟಿನ್‌ಗೆ ಬಂದ ಸಾಲವೇ. ಅದರ ಅರ್ಥ ಸೊಟ್ಟಗಾಲೋ ಮೆಳ್ಳಗಣ್ಣೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಾರೆ. ಅವರ ಸಾಲಕ್ಕಿಲ್ಲದ ನಾಚಿಕೆ ನಮ್ಮದಕ್ಕೇಕೆ?

ಉತ್ತರ 2:
ಸಾಲ ಮಾಡಿ ಸಾಲ ಮಾಡಿ ಕೊನೆಗೆ ಕನ್ನಡದಲ್ಲಿ ಉಳಿಯುವುದು 'ಇದೆ', 'ಇವೆ' ಅಶ್ಟೇ.

ಪ್ರಶ್ನೆ ಕೇಳಿದವರು:
ಕುಲ, ಆಧಾರ ಪ್ರಭೇದ, ಫೋಲ್ಸಿಡ್ ಜೇಡ. ಪ್ರೊಕರ್ಸಸ್, ಕೆಲಿಸೆರಾ ಇದ್ದಂತೆಯೇ, ಚಿತ್ರದಲ್ಲಿ ಬಾಣದ ಗುರುತಿನೊಂದಿಗೆ. 'ಮುಂಬದಿ' ಕನ್ನಡವೇ ತಾನೆ?