‘ಎಷ್ಟು ದಿನ ಉಪವಾಸ?’ – ಸೆರೆ ಬಿಡುವವರ ಕರಪತ್ರಕ್ಕೆ ಸರಿಯಾದ ಮಾತು ಯಾವುದು?

ವಿಜಯಪುರ, ಇಂಡಿ, ಸಿಂದಗಿ ಕಡೆಯ ಮನೆಗಳಿಗೆ ಹಂಚುವ ಕರಪತ್ರದ ಪ್ರಶ್ನೆಯಿದು. (‘ಸೆರೆ ಬಿಡಿಸುವುದು’ ಅಂದರೆ ಮೈಸೂರಿನವರು ಜೈಲು ಎಂದುಕೊಂಡಾರು, ಇಲ್ಲಿ ಅದು ಕುಡಿತ.) ಸೆರೆ ಬಿಡಿಸಲು ಆಸ್ಪತ್ರೆಗೆ ಕರೆತಂದಾಗ ಮನೆಯವರು ಮೊದಲು ಹೇಳಬೇಕಾದದ್ದು, ಹೊಟ್ಟೆಗೆ ಏನೂ ಬೀಳದೆ ಎಷ್ಟು ದಿನವಾಯಿತು ಎಂಬುದು. ಕರಡಿನಲ್ಲಿ ‘ಎಷ್ಟು ದಿನ ಉಪವಾಸ ಇದ್ದರು?’ ಎಂದಿದೆ. ಇದು ನಡೆಯುವುದಿಲ್ಲ. ಉಪವಾಸ ಅಂದರೆ ಏಕಾದಶಿ, ಸಾಬೂದಾಣಿ, ಶೇಂಗಾ, ಬಾಳೆಹಣ್ಣು. ‘ಒಪ್ಪತ್ತು’ ಅಂದರೂ ವ್ರತದ ವಾಸನೆಯೇ. ‘ಊಟ ಮಾಡಿಲ್ಲ’ ಎಂದರೆ ರೊಟ್ಟಿ ಮುಟ್ಟಿಲ್ಲ ಎಂದಷ್ಟೇ. ಸೆರೆಯ ಜೊತೆ ತಿಂದ ಭಜಿ, ಚುರುಮುರಿ ಲೆಕ್ಕಕ್ಕೆ ಬರುವುದಿಲ್ಲ.

ಉತ್ತರ ತಪ್ಪಿದರೆ ಕೊಡುವ ಊಟದ ಅಳತೆಯೂ ತಪ್ಪುತ್ತದೆ. ಬ್ರಿಟನ್ನಿನ ನೈಸ್ (ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಸಂಸ್ಥೆ) ಮಾರ್ಗಸೂಚಿಯ ಪ್ರಕಾರ 5 ದಿನಕ್ಕಿಂತ ಹೆಚ್ಚು ಕಾಲ ಏನೂ ತಿನ್ನದವರಿಗೆ ಅಥವಾ ತೀರಾ ಕಡಿಮೆ ತಿಂದವರಿಗೆ ಮೊದಲೆರಡು ದಿನ ಅಗತ್ಯದ ಅರ್ಧಕ್ಕಿಂತ ಹೆಚ್ಚು ಕೊಡಬಾರದು. 10 ದಿನ ದಾಟಿದ್ದರೆ, ಕುಡಿತದ ಚಟವಿದ್ದವರಲ್ಲಿ 5 ದಿನ ದಾಟಿದ್ದರೂ, ಒಂದು ಕಿಲೋ ತೂಕಕ್ಕೆ ದಿನಕ್ಕೆ 10 ಕಿಲೋಕ್ಯಾಲರಿಯೊಳಗೇ ಶುರುಮಾಡಿ, 4ರಿಂದ 7 ದಿನಗಳಲ್ಲಿ ಏರಿಸಬೇಕು. 40 ಕಿಲೋ ಆಳಿಗೆ ಮೊದಲ ದಿನ 400, ಅಂದರೆ ಸುಮಾರು 120 ಗ್ರಾಂ ಜೋಳದ ಹಿಟ್ಟು. ಹಸಿದಾನೆಂದು ಒಮ್ಮೆಲೇ ಹೋಳಿಗೆ ತುಪ್ಪ ಬಡಿಸಿದರೆ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಗೆ ಸರಿದು ಎದೆಬಡಿತವೇ ಹದ ತಪ್ಪಬಹುದು. ಬಹಳ ಕುಡಿಯುವವರಲ್ಲಿ ಥಯಾಮಿನ್ (ಬಿ1 ಜೀವಸತ್ವ) ಮೊದಲೇ ಕಡಿಮೆ ಇರುವುದು ಸಾಮಾನ್ಯ. ಊಟಕ್ಕೆ ಮುಂಚೆಯೇ ಅದನ್ನು ಶುರುಮಾಡಬೇಕು, ಗ್ಲೂಕೋಸ್ ಸಲಾಯಿನ್ ತುರ್ತಾಗಿ ಹಚ್ಚುವುದಿದ್ದರೆ ಜೊತೆಗಾದರೂ ಕೊಡಬೇಕು. ಇಲ್ಲದಿದ್ದರೆ ಕಣ್ಣುಗುಡ್ಡೆ ಓಲಾಡಬಹುದು, ನಡೆಯುವಾಗ ಜೋಲಿ ಹೊಡೆಯಬಹುದು, ಮಾತು ತಾಳ ತಪ್ಪಬಹುದು. ಮನೆಯವರು ‘ಇನ್ನೂ ಅಮಲು ಇಳಿದಿಲ್ಲ’ ಎಂದು ಸುಮ್ಮನಾಗುವುದು ಇಲ್ಲೇ.

ಹಾಗಾಗಿ ಕರಡಿನ ‘ಪೌಷ್ಟಿಕ ಆಹಾರ ಕೊಡಿ’ ಎಂಬ ಸಾಲನ್ನೂ ತೆಗೆಯಬೇಕು. ಓದಿದವರು ತುಪ್ಪ, ಮೊಟ್ಟೆ ಎಂದೇ ತಿಳಿಯುತ್ತಾರೆ. ‘ಆಹಾರ ಅಭದ್ರತೆ ಇದೆಯೇ?’ ಎಂಬ ಪ್ರಶ್ನೆಗಂತೂ ಯಾರೂ ಹೌದು ಅನ್ನಲಾರರು. ‘ತಿಂಗಳ ಕೊನೀತನಕ ಕಾಳುಕಡಿ ಸಾಲತಾವೇನ್ರಿ?’ ಸಾಕು.

ಉಪವಾಸದ ಜಾಗಕ್ಕೆ ನನ್ನ ಸೂಚನೆ: ‘ಹೊಟ್ಟಿಗೆ ಏನೂ ಇಲ್ದ ಎಷ್ಟ ದಿನ ಆತು? ಚಾ, ಭಜಿ, ಬಾಳಿಹಣ್ಣು ತಿಂದಿದ್ರ ಅದನ್ನ ಸೈತ ಹೇಳ್ರಿ.’

ಉಳಿದದ್ದು, ಹೀಗೆ ತುಸುತುಸುವೇ ಉಣಿಸಿ ಏರಿಸುವುದಕ್ಕೆ ಹೆಸರು. ‘ಪುನರಾಹಾರ’ ಎರಡನೇ ಸಲ ಬಡಿಸಿದಂತೆ ಕೇಳಿಸುತ್ತದೆ. ‘ಊಟ ಹಚ್ಚುವುದು’ ಎಂದರೆ ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಹೊಳೆಯುತ್ತದೆಯೇ? ಅಥವಾ ಬಾಣಂತಿಗೋ, ಜಡ್ಡಿನಿಂದ ಎದ್ದವರಿಗೋ ಹಾಗೆ ಉಣಿಸುವುದಕ್ಕೆ ನಿಮ್ಮಲ್ಲಿ ಬೇರೆ ಮಾತಿದೆಯೇ?