ಫಿಶ್ ಸ್ಪಾಗೆ ನಿಯಮ ಬೇಕಾ?

ಮೈಸೂರು_ಮಗಳು: ಕಳೆದ ತಿಂಗಳು ಅಮ್ಮನ ಜೊತೆ ಒಂದು ಮಾಲ್‌ಗೆ ಹೋಗಿದ್ದೆ. ಅಲ್ಲಿ ಫಿಶ್ ಸ್ಪಾ ಇತ್ತು. ತೊಟ್ಟಿಯಲ್ಲಿ ಕಾಲು ಇಳಿಬಿಟ್ಟರೆ ಸಣ್ಣ ಮೀನುಗಳು ಬಂದು ಒಣ ಚರ್ಮ ತಿನ್ನುತ್ತವೆ. ಅಮ್ಮನಿಗೆ ಹಿಮ್ಮಡಿ ಒಡೆದಿತ್ತು, ಆಸೆಯಿಂದ ಕೂತರು. ಅವರಿಗೆ 12 ವರ್ಷದಿಂದ ಶುಗರ್ ಇದೆ. ಕೌಂಟರ್‌ನಲ್ಲಿ ದುಡ್ಡು ತಗೊಂಡರು, ಶುಗರ್ ಇದೆಯಾ, ಕಾಲಲ್ಲಿ ಗಾಯ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ನಾಲ್ಕನೇ ದಿನ ಹಿಮ್ಮಡಿಯ ಬಿರುಕಿನಲ್ಲಿ ಕೀವು. ಈಗ ವಾಸಿಯಾಗಿದೆ. ಮೀನಿನಿಂದಲೇ ಆಯಿತು ಅಂತ ಡಾಕ್ಟರ್ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಕೇಳಬೇಕಿತ್ತು ಅಲ್ವಾ? ಇಂಥದ್ದಕ್ಕೆಲ್ಲ ಒಂದು ನಿಯಮ ಬೇಡವಾ?

ಕಿಟ್ಟಿ_ಕೊಪ್ಪ: ಅಮ್ಮ ಹುಷಾರಾದರಲ್ಲ, ಸಮಾಧಾನ. ಆದರೆ ಎಲ್ಲದಕ್ಕೂ ಸರ್ಕಾರ ಯಾಕೆ? ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತರೂ ಮೀನು ಕಾಲ ಹತ್ತಿರ ಬರುತ್ತವೆ. ಬ್ರಿಟನ್ನಿನ ಆರೋಗ್ಯ ಸಂಸ್ಥೆಯವರೇ 2011ರಲ್ಲಿ ಪರಿಶೀಲಿಸಿ, ಫಿಶ್ ಸ್ಪಾದಿಂದ ಸೋಂಕು ತಗಲುವ ಅಪಾಯ ತೀರಾ ಕಡಿಮೆ ಅಂದಿದ್ದಾರೆ.

ನರ್ಸ್_ಧಾರವಾಡ: ಕಿಟ್ಟಿ ಅವರೇ, ಆ ವರದಿಯ ಇನ್ನರ್ಧವನ್ನೂ ಹೇಳಬೇಕು. ಶುಗರ್ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹೋಗಬೇಡಿ ಅಂತ ಅದೇ ಸಂಸ್ಥೆ ಹೇಳಿದೆ. ಶುಗರ್ ಜಾಸ್ತಿ ದಿನ ಇದ್ದರೆ ಕಾಲಿನ ನರ ಜೋಮು ಹಿಡಿಯುತ್ತದೆ, ಗಾಯ ಆದದ್ದೇ ಗೊತ್ತಾಗುವುದಿಲ್ಲ. ಚಪ್ಪಲಿ ಕಚ್ಚಿದ ಗಾಯದಿಂದ ಶುರುವಾಗಿ ಕಾಲ್ಬೆರಳು ಕಳೆದುಕೊಂಡವರಿಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ.

ಹೊಳೆ ಹರಿಯುತ್ತದೆ, ತೊಟ್ಟಿ ಹರಿಯುವುದಿಲ್ಲ. ಪಾರ್ಲರಿನ ಕತ್ತರಿಯನ್ನು ಕುದಿಸಬಹುದು, ಬ್ಲೇಡನ್ನು ಎಸೆಯಬಹುದು. ಮೀನನ್ನು ಏನು ಮಾಡುತ್ತೀರಿ? ನೀರಿಗೆ ಬ್ಲೀಚಿಂಗ್ ಹಾಕಿದರೆ ಸಾಯುತ್ತವೆ. ಹಾಗಾಗಿ ಒಬ್ಬರ ಕಾಲು ತಿಂದ ಮೀನೇ ಇನ್ನೊಬ್ಬರ ಕಾಲಿಗೆ. ಅಮೆರಿಕದ ಹಲವು ರಾಜ್ಯಗಳು ಇದನ್ನು ನಿಲ್ಲಿಸಿದ್ದಕ್ಕೆ ಇದೂ ಒಂದು ಕಾರಣ. ಈ ಕೆಲಸಕ್ಕೆ ತರುವುದು ಗರ್ರಾ ರುಫಾ ಅನ್ನುವ ಹಲ್ಲಿಲ್ಲದ ಮೀನು. ಅದರ ಬದಲು ಚಿನ್ ಚಿನ್ ಅನ್ನುವ ಇನ್ನೊಂದು ಮೀನನ್ನು ಬಿಡುವುದುಂಟು. ಅದಕ್ಕೆ ಬೆಳೆದ ಮೇಲೆ ಹಲ್ಲು ಬರುತ್ತದೆ, ಕಚ್ಚಿದರೆ ರಕ್ತ ಬರಬಹುದು. ಚರ್ಮ ತಿನ್ನಲಿ ಅಂತ ಮೀನುಗಳನ್ನು ಹಸಿವಿನಲ್ಲಿ ಇಡುತ್ತಾರೆ. ಪಾಪ, ಅದನ್ನು ನೆನೆದರೂ ಬೇಜಾರಾಗುತ್ತದೆ.

ಪಾರ್ಲರ್_ಅಕ್ಕ: ದಾವಣಗೆರೆಯಲ್ಲಿ 14 ವರ್ಷದಿಂದ ಮನೆಯಲ್ಲೇ ಪಾರ್ಲರ್ ನಡೆಸುತ್ತಿದ್ದೇನೆ. ನಿಯಮ ಅಂದ ತಕ್ಷಣ ನನಗೆ ಭಯ. ಮಾಲ್‌ನವರು ಹೇಗೋ ಪಾರಾಗುತ್ತಾರೆ, ಕೊನೆಗೆ ನಮ್ಮಂಥವರ ಬಾಗಿಲಿಗೇ ಬರುತ್ತಾರೆ. ಆದರೂ ಒಂದು ಮಾತು. ಟ್ರೇಡ್ ಲೈಸೆನ್ಸ್ ಮಾಡಿಸುವಾಗ ಕತ್ತರಿ ಹೇಗೆ ತೊಳೆಯುತ್ತೀಯಮ್ಮ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಖುಷಿಯಿಂದ ತೋರಿಸುತ್ತಿದ್ದೆ. ಮೀನಿಗಿಂತ ನನಗೆ ಚಿಂತೆ ಇಂಜೆಕ್ಷನ್‌ನದ್ದು. ಮದುವೆ ಸೀಸನ್‌ನಲ್ಲಿ ಬೆಳ್ಳಗಾಗೋ ಇಂಜೆಕ್ಷನ್ ಹಾಕ್ತೀರಾ ಅಂತ ಹುಡುಗಿಯರು ಬರುತ್ತಾರೆ. ಇಲ್ಲ ಅಂದರೆ ಬೇರೆ ಕಡೆ ಹೋಗುತ್ತಾರೆ.

ವಕೀಲ_ತುಮಕೂರು: ಅಕ್ಕ, ಅಲ್ಲಿ ಕಾನೂನು ನಿಮ್ಮ ಕಡೆಯೇ ಇದೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಪ್ರಕಾರ ಸೌಂದರ್ಯವರ್ಧಕ ಅಂದರೆ ಮೈಗೆ ಹಚ್ಚುವಂಥದ್ದು, ಸುರಿಯುವಂಥದ್ದು, ಸಿಂಪಡಿಸುವಂಥದ್ದು. ಚುಚ್ಚುವುದು ಅದರಲ್ಲಿಲ್ಲ. ಸೂಜಿ ಬಂತು ಅಂದರೆ ಅದು ಡಾಕ್ಟರ ಕೆಲಸ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನಮ್ಮ ರಕ್ತವನ್ನೇ ತೆಗೆದು ಮುಖಕ್ಕೆ ಚುಚ್ಚುವ ‘ವ್ಯಾಂಪೈರ್ ಫೇಶಿಯಲ್’ ಮಾಡುತ್ತಿದ್ದ ಒಂದು ಸ್ಪಾಗೆ ಲೈಸೆನ್ಸೇ ಇರಲಿಲ್ಲ. ಹೆಸರು ಬರೆಯದ ರಕ್ತದ ಟ್ಯೂಬುಗಳು ಫ್ರಿಜ್‌ನಲ್ಲಿ ಊಟದ ಪಕ್ಕ ಇದ್ದವು. ಅಲ್ಲಿಂದ ಹೆಂಗಸರಿಗೆ ಎಚ್‌ಐವಿ ತಗಲಿರಬಹುದು ಅಂತ 2024ರಲ್ಲಿ ಅಧಿಕಾರಿಗಳ ವರದಿ ಬಂತು.

ಕಷ್ಟ ಇರುವುದು ಮೀನಿನ ತೊಟ್ಟಿಯಲ್ಲಿ. ಅದು ಔಷಧವೂ ಅಲ್ಲ, ಕ್ರೀಮೂ ಅಲ್ಲ.

ಕಿಟ್ಟಿ_ಕೊಪ್ಪ: ಕುದಿಸೋಕೂ ಆಗಲ್ಲ, ಎಸೆಯೋಕೂ ಆಗಲ್ಲ ಅನ್ನೋದನ್ನು ನಾನು ಯೋಚಿಸಿರಲಿಲ್ಲ. ಒಪ್ಪಿದೆ. ಆದರೂ ತಪಾಸಣೆ ಅಂದರೆ ಇನ್ಸ್‌ಪೆಕ್ಟರ್ ಬಂದು ಕೈ ಚಾಚುವುದೇ ಆದರೆ ಕಾಲು ಸ್ವಚ್ಛ ಆಗುವುದಿಲ್ಲ.

ನರ್ಸ್_ಧಾರವಾಡ: ಅದಕ್ಕೇ ನೋಡಿದರೆ ತಿಳಿಯುವಂಥ ನಿಯಮ ಬೇಕು. 2000ದಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನ ಒಂದು ಸಲೂನ್‌ನಲ್ಲಿ ಪೆಡಿಕ್ಯೂರ್ ಮಾಡಿಸಿಕೊಂಡ ನೂರಕ್ಕೂ ಹೆಚ್ಚು ಜನರಿಗೆ ಕಾಲಲ್ಲಿ ಕುರು ಎದ್ದಿತು. ಅಲ್ಲಿ ಮೀನೂ ಇರಲಿಲ್ಲ, ವಿಚಿತ್ರವೂ ಏನಿರಲಿಲ್ಲ. ಕಾಲು ನೆನೆಸುವ ಟಬ್‌ನ ಜಾಲರಿ ಹಿಂದೆ ಕೂದಲು, ಕೊಳೆ ಸೇರಿ ರೋಗಾಣು ಬೆಳೆದಿತ್ತು. ಆಮೇಲೆ ಟಬ್ ಹೀಗೇ ತೊಳೆಯಬೇಕು ಅಂತ ಅಲ್ಲಿ ನಿಯಮ ಬಂತು. ಜಾಲರಿ ಬಿಚ್ಚಿ ತೋರಿಸಿ ಅಂತ ಗಿರಾಕಿಯೇ ಕೇಳಬಹುದು.

ಪಾರ್ಲರ್_ಅಕ್ಕ: ಇಂಥದ್ದಾದರೆ ನನಗೆ ಒಪ್ಪಿಗೆ. ತೊಳೆಯೋಕೆ ಆಗದೇ ಇರೋದು, ಎಸೆಯೋಕೆ ಆಗದೇ ಇರೋದು ಪಾರ್ಲರ್‌ನಲ್ಲಿ ಬೇಡ. ಸೂಜಿಯೂ ಬೇಡ. ಅಷ್ಟು ಬರೆಯಿರಿ, ನಾನೇ ಗೋಡೆಗೆ ಅಂಟಿಸುತ್ತೇನೆ.

ಮೈಸೂರು_ಮಗಳು: ನಗರಪಾಲಿಕೆಯ ಆರೋಗ್ಯಾಧಿಕಾರಿಗೆ ಅರ್ಜಿ ಬರೆಯುತ್ತಿದ್ದೇನೆ. ಅಲ್ಲಿಯವರೆಗೆ ತೊಟ್ಟಿ ಮುಂದೆ ಒಂದು ಬೋರ್ಡ್ ಆದರೂ ಹಾಕಿಸಿ ಅಂತ ಸೇರಿಸುತ್ತೇನೆ. ನರ್ಸ್ ಅಕ್ಕ, ಅದರಲ್ಲಿ ಏನಿರಬೇಕು?

ನರ್ಸ್_ಧಾರವಾಡ: ‘ಶುಗರ್ ಇರುವವರು, ಕಾಲಲ್ಲಿ ಗಾಯ ಅಥವಾ ಬಿರುಕು ಇರುವವರು ಕಾಲು ಇಳಿಸಬೇಡಿ.’ ಮಧುಮೇಹ ಅಂತ ಬರೆಸಬೇಡಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಕನ್ನಡಕ ಇಲ್ಲದೆಯೂ ನಿಮ್ಮಮ್ಮನಿಗೆ ಕಾಣುವ ಹಾಗೆ ಇರಲಿ.