ಫಂಕ್ಷನ್ ಒಳಗೆ ಎಕ್ಸೆಕ್ ಕೊಟ್ಟ ಬೆಲೆ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಬಿಲ್ಲಿಂಗ್ ತಂತ್ರಾಂಶದಲ್ಲಿ ರಿಯಾಯಿತಿಯ ನಿಯಮಗಳನ್ನು ಡೇಟಾಬೇಸ್‌ನಲ್ಲಿ ಪಠ್ಯವಾಗಿ ಇಟ್ಟುಕೊಂಡು, ಪೈಥಾನ್‌ನ ಎಕ್ಸೆಕ್ ಮೂಲಕ ಓಡಿಸುತ್ತೇವೆ. ಫಂಕ್ಷನ್ ಒಳಗೆ ಮೊದಲು ‘ದರ = 10’ ಎಂದಿದೆ. ಆಮೇಲೆ ಎಕ್ಸೆಕ್‌ಗೆ ‘ದರ = 20’ ಎಂಬ ಪಠ್ಯವನ್ನು ಕೊಡುತ್ತೇನೆ. ಮುಂದಿನ ಸಾಲಿನಲ್ಲಿ ಮುದ್ರಿಸಿದರೆ 10 ಎಂದೇ ಬರುತ್ತದೆ, ದೋಷದ ಸಂದೇಶವೂ ಇಲ್ಲ. ಇದೇ ಸಾಲುಗಳನ್ನು ಫಂಕ್ಷನ್‌ನಿಂದ ಹೊರಗಿಟ್ಟರೆ 20 ಬರುತ್ತದೆ. ಪೈಥಾನ್ 2ರಲ್ಲಿ ಒಳಗೂ 20 ಬರುತ್ತಿತ್ತು. ಏಕೆ ಹೀಗೆ?

ಉತ್ತರ: ನಮಸ್ಕಾರ. ಕೋಡನ್ನು ಓಡಿಸಲು ಸಿದ್ಧಪಡಿಸುವ ಪೈಥಾನ್ ಕಂಪೈಲರ್ ಫಂಕ್ಷನ್ನನ್ನು ಓಡಿಸುವ ಮೊದಲೇ ಅದನ್ನು ಪೂರ್ತಿ ಓದುತ್ತದೆ. ಒಳಗೆ ಎಲ್ಲಿಯಾದರೂ ಬೆಲೆ ಪಡೆಯುವ ಹೆಸರು ಕಂಡರೆ ಅದನ್ನು ಲೋಕಲ್ (ಆ ಫಂಕ್ಷನ್‌ಗೆ ಮಾತ್ರ ಸೇರಿದ್ದು) ಎಂದು ತೀರ್ಮಾನಿಸಿ, ಅದಕ್ಕೊಂದು ಸಂಖ್ಯೆಯ ಸ್ಥಾನ ಕೊಡುತ್ತದೆ. ಅಲ್ಲಿಂದ ಮುಂದೆ ‘ದರ’ ಎಂದರೆ ಆ ಸ್ಥಾನ ಮಾತ್ರ, ಹೆಸರು ಹಿಡಿದು ಹುಡುಕುವ ಕೆಲಸವೇ ಇಲ್ಲ. ಫಂಕ್ಷನ್‌ಗಳು ವೇಗವಾಗಿ ಓಡುವುದಕ್ಕೆ ಇದೂ ಒಂದು ಕಾರಣ.

ಎಕ್ಸೆಕ್‌ಗೆ ಕೊಟ್ಟ ಪಠ್ಯ ಆ ಕಂಪೈಲರ್‌ಗೆ ಬರೀ ಅಕ್ಷರಗಳ ಸಾಲು. ಓಡುವ ಹೊತ್ತಿಗೆ ಅದು ಬೇರೆಯಾಗಿ ಕಂಪೈಲ್ ಆಗಿ, ತನ್ನ ಬೆಲೆಗಳನ್ನು ಒಂದು ಡಿಕ್ಷನರಿಗೆ (ಹೆಸರು ಮತ್ತು ಅದರ ಬೆಲೆಯ ಜೋಡಿಗಳ ಪಟ್ಟಿಗೆ) ಬರೆಯುತ್ತದೆ. ನೀವು ಡಿಕ್ಷನರಿ ಕೊಡದಿದ್ದರೆ ಅದು ಲೋಕಲ್ ಹೆಸರುಗಳನ್ನು ಡಿಕ್ಷನರಿಯಾಗಿ ಒಪ್ಪಿಸುವ ಲೋಕಲ್ಸ್ ಎಂಬ ಫಂಕ್ಷನ್ ಕೊಡುವ ನಕಲು. 20 ಹೋಗಿ ಕುಳಿತದ್ದು ಆ ನಕಲಿನಲ್ಲಿ, ನಿಮ್ಮ ಸ್ಥಾನದಲ್ಲಿ 10 ಹಾಗೆಯೇ ಉಳಿಯಿತು. ಫಂಕ್ಷನ್‌ನ ಹೊರಗೆ ಹೆಸರುಗಳು ನಿಜವಾಗಿಯೂ ಡಿಕ್ಷನರಿಯಲ್ಲೇ ಇರುವುದರಿಂದ 20 ಸಿಗುತ್ತದೆ. ಪೈಥಾನ್ 2ರಲ್ಲಿ ಎಕ್ಸೆಕ್ ಭಾಷೆಯದೇ ಒಂದು ಹೇಳಿಕೆಯಾಗಿತ್ತು. ಅದನ್ನು ಕಂಡ ಕೂಡಲೇ ಕಂಪೈಲರ್ ಎಚ್ಚರ ವಹಿಸುತ್ತಿತ್ತು, ಬದಲಾದ ಬೆಲೆಗಳನ್ನು ಸ್ಥಾನಗಳಿಗೆ ಮರಳಿ ತುಂಬಲಾಗುತ್ತಿತ್ತು. 2008ರಲ್ಲಿ ಬಂದ ಪೈಥಾನ್ 3 ಅದನ್ನು ಸಾಮಾನ್ಯ ಫಂಕ್ಷನ್ ಮಾಡಿತು, ಆ ಸೌಲಭ್ಯ ಹೋಯಿತು.

ದಾರಿ ಸರಳವಾಗಿದೆ. ‘ಅಂಗಳ’ ಎಂಬ ಡಿಕ್ಷನರಿಯಲ್ಲಿ ದರ 10 ಎಂದು ಇಟ್ಟು, ನಿಯಮದ ಪಠ್ಯದ ಜೊತೆಗೆ ಅದನ್ನೂ ಎಕ್ಸೆಕ್‌ಗೆ ಕೊಡಿ. ಮುಗಿದ ಮೇಲೆ ಅಂಗಳದಿಂದಲೇ ದರವನ್ನು ತೆಗೆದುಕೊಳ್ಳಿ. ಪ್ರತಿ ಬಿಲ್ಲಿಗೂ ಹೊಸ ಅಂಗಳ ಇರಲಿ, ಇಲ್ಲದಿದ್ದರೆ ಹಿಂದಿನ ಗ್ರಾಹಕನ ಬೆಲೆಗಳು ಮುಂದಿನವನ ಲೆಕ್ಕಕ್ಕೆ ನುಸುಳುತ್ತವೆ. ನಿಯಮವನ್ನು ಮಾತ್ರ ಒಮ್ಮೆ ಕಂಪೈಲ್ ಮಾಡಿಟ್ಟುಕೊಂಡರೆ ಸಾಕು. ಆಗ ಕಡತದ ಹೆಸರಿನ ಜಾಗದಲ್ಲಿ ನಿಯಮದ ಹೆಸರನ್ನು ಕೊಡಿ. ದೋಷ ಬಂದಾಗ ಯಾವ ನಿಯಮದ ಎಷ್ಟನೇ ಸಾಲು ಎಂಬುದು ಸಂದೇಶದಲ್ಲೇ ಕಾಣುತ್ತದೆ.

ಮರುಪ್ರಶ್ನೆ: ಧನ್ಯವಾದ ಸರ್. ಎಕ್ಸೆಕ್ ಆದ ಮೇಲೆ ಲೋಕಲ್ಸ್ ಕರೆದು, ಅದರಿಂದ ಹೊಸ ಹೆಸರಿನ ಬೆಲೆ ತೆಗೆಯುವುದನ್ನು ಸಹೋದ್ಯೋಗಿಯೊಬ್ಬರು ತೋರಿಸಿದರು. ಅವರ ಯಂತ್ರದಲ್ಲಿ ಓಡುತ್ತದೆ, ನನ್ನದರಲ್ಲಿ ಇಲ್ಲ.

ಉತ್ತರ: ನಿಮ್ಮದು ಪೈಥಾನ್ 3.13 ಅಥವಾ ಅದಕ್ಕಿಂತ ಹೊಸದು ಇರಬೇಕು. 3.12ರವರೆಗೆ ಒಂದು ಕರೆಯ ಉದ್ದಕ್ಕೂ ಲೋಕಲ್ಸ್ ಅದೇ ಡಿಕ್ಷನರಿಯನ್ನು ಮತ್ತೆ ಮತ್ತೆ ಕೊಡುತ್ತಿತ್ತು, ಹಾಗಾಗಿ ಎಕ್ಸೆಕ್ ಬರೆದಿಟ್ಟ ಹೊಸ ಹೆಸರು ಸಿಗುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಿಂದ ಫಂಕ್ಷನ್ ಒಳಗೆ ಪ್ರತಿ ಸಲವೂ ಬೇರೆ ನಕಲು ಸಿಗುತ್ತದೆ. ಪೆಪ್ 667 ಎಂಬ ಪ್ರಸ್ತಾವದ ಫಲ ಇದು. ಹಳೆಯ ನಡವಳಿಕೆ ಗೊಂದಲಮಯವಾಗಿತ್ತು, ಬದಲಾದದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಸಮಸ್ಯೆ ಇನ್ನೂ ವಿಚಿತ್ರ. ಹೊರಗಿನ ಫಂಕ್ಷನ್‌ನಲ್ಲಿ ‘ಮೊತ್ತ’ ಇದೆ. ಒಳಗಿನ ಫಂಕ್ಷನ್‌ನಲ್ಲಿ, ಪಠ್ಯವನ್ನು ಲೆಕ್ಕ ಹಾಕಿ ಉತ್ತರ ಕೊಡುವ ಇವ್ಯಾಲ್‌ಗೆ ‘ಮೊತ್ತ * 2’ ಎಂಬ ಪಠ್ಯ ಕೊಟ್ಟರೆ ಹೆಸರೇ ಗೊತ್ತಿಲ್ಲ ಎನ್ನುತ್ತದೆ. ತಪಾಸಣೆಗೆಂದು ಅದರ ಮುಂಚೆ ಮೊತ್ತವನ್ನು ಮುದ್ರಿಸುವ ಸಾಲು ಸೇರಿಸಿದರೆ ದೋಷ ಮಾಯ. ಸಾಲು ಅಳಿಸಿದರೆ ಮತ್ತೆ ಹಾಜರು.

ಉತ್ತರ: ಇದು ಜನರನ್ನು ಗಂಟೆಗಟ್ಟಲೆ ಕಾಡುವ ಪ್ರಸಂಗ, ಆದರೆ ಕಾರಣ ಅದೇ. ಒಳಗಿನ ಫಂಕ್ಷನ್ ಹೊರಗಿನ ಹೆಸರನ್ನು ಬಳಸುವುದು ಕಂಡರೆ ಮಾತ್ರ ಕಂಪೈಲರ್ ಅದನ್ನು ಒಳಕ್ಕೆ ತಂದುಕೊಡುತ್ತದೆ. ಪಠ್ಯದೊಳಗಿನ ಮೊತ್ತ ಅದಕ್ಕೆ ಕಾಣುವುದಿಲ್ಲ, ಮುದ್ರಿಸುವ ಸಾಲಿನ ಮೊತ್ತ ಕಾಣುತ್ತದೆ. ಇಲ್ಲಿಯೂ ಬೇಕಾದ ಹೆಸರುಗಳನ್ನು ಡಿಕ್ಷನರಿಯಲ್ಲಿ ಹಾಕಿ ಕೊಡಿ.

ಗ್ಲೋಬಲ್ (ಎಲ್ಲೆಡೆ ಕಾಣುವ ಹೆಸರುಗಳಿಗೆ) ಮತ್ತು ಲೋಕಲ್ ಎಂದು ಎರಡು ಡಿಕ್ಷನರಿಗಳನ್ನು ಎಕ್ಸೆಕ್‌ಗೆ ಕೊಡುವವರಿಗೂ ಒಂದು ಎಚ್ಚರಿಕೆ. ಪಠ್ಯದಲ್ಲಿ ‘ತೆರಿಗೆ’ ಮತ್ತು ‘ಒಟ್ಟು’ ಎಂಬ ಎರಡು ಫಂಕ್ಷನ್‌ಗಳಿದ್ದು, ಒಟ್ಟು ತೆರಿಗೆಯನ್ನು ಕರೆದರೆ ಹೆಸರು ಸಿಗುವುದಿಲ್ಲ. ಎರಡೂ ಸೇರುವುದು ಲೋಕಲ್ ಡಿಕ್ಷನರಿಗೆ, ಆದರೆ ಫಂಕ್ಷನ್ ಒಳಗಿನಿಂದ ಹುಡುಕಾಟ ನಡೆಯುವುದು ಗ್ಲೋಬಲ್‌ನಲ್ಲಿ. ಒಂದೇ ಡಿಕ್ಷನರಿ ಕೊಟ್ಟರೆ ಈ ತೊಡಕಿಲ್ಲ.

ಮತ್ತೊಬ್ಬರ ಪ್ರಶ್ನೆ: ಜಾವಾಸ್ಕ್ರಿಪ್ಟ್‌ನಲ್ಲಿ ಇವ್ಯಾಲ್ ಸುತ್ತಲಿನ ವೇರಿಯಬಲ್‌ಗಳನ್ನು ಬದಲಿಸುತ್ತದೆಯಲ್ಲವೇ?

ಉತ್ತರ: ನೇರವಾಗಿ ಇವ್ಯಾಲ್ ಎಂಬ ಹೆಸರಿನಿಂದಲೇ ಕರೆದರೆ ಹೌದು. ಅದನ್ನು ಬೇರೆ ಹೆಸರಿಗೆ ವಹಿಸಿ ಕರೆದರೆ ಪಠ್ಯ ಗ್ಲೋಬಲ್ ವ್ಯಾಪ್ತಿಯಲ್ಲಿ ಓಡುತ್ತದೆ, ಸುತ್ತಲಿನ ಫಂಕ್ಷನ್ ಕಾಣುವುದಿಲ್ಲ. ಸ್ಟ್ರಿಕ್ಟ್ ಮೋಡ್ ಎಂಬ ಬಿಗಿ ನಿಯಮಗಳ ವಿಧಾನದಲ್ಲಿ ಈಗಾಗಲೇ ಇರುವ ವೇರಿಯಬಲ್ ಬದಲಾಗುತ್ತದೆ, ಆದರೆ ಪಠ್ಯದಲ್ಲಿ ಹೊಸದಾಗಿ ಘೋಷಿಸಿದ್ದು ಹೊರಗೆ ಬರುವುದಿಲ್ಲ. ಮಾಡ್ಯೂಲ್‌ಗಳು ಯಾವಾಗಲೂ ಸ್ಟ್ರಿಕ್ಟ್. ಹಳೆಯ ಸ್ಕ್ರಿಪ್ಟ್ ಒಂದನ್ನು ಮಾಡ್ಯೂಲ್ ಮಾಡಿದ ಮೇಲೆ ‘ಹೆಸರು ಘೋಷಣೆಯಾಗಿಲ್ಲ’ ಎಂಬ ದೋಷ ಬಂದರೆ ಮೊದಲು ಅಲ್ಲಿ ನೋಡಿ.

ಮೊದಲು ಕೇಳಿದವರಿಗೆ ಇನ್ನೊಂದು ಮಾತು: ಅಂಗಳ ಬೇರೆ ಮಾಡಿದ ಮಾತ್ರಕ್ಕೆ ಸುರಕ್ಷತೆ ಸಿಗುವುದಿಲ್ಲ. ಪೈಥಾನ್ ಜೊತೆಗೇ ಬರುವ ಸಿದ್ಧ ಫಂಕ್ಷನ್‌ಗಳಾದ ಬಿಲ್ಟಿನ್‌ಗಳನ್ನು ತೆಗೆದುಹಾಕಿದರೂ ಪಠ್ಯದಿಂದ ಹೊರಗಿನ ವಸ್ತುಗಳನ್ನು ತಲುಪುವ ದಾರಿಗಳಿವೆ. ಆ ನಿಯಮಗಳನ್ನು ಡೇಟಾಬೇಸ್‌ಗೆ ಯಾರು ಬರೆಯುತ್ತಾರೆ ಎಂದು ತಿಳಿಸಿ. ಹೊರಗಿನವರಾದರೆ ಎಕ್ಸೆಕ್ ಬಿಟ್ಟು ಬೇರೆ ವಿನ್ಯಾಸ ಯೋಚಿಸೋಣ.